ತಾಂಡಾದ ಸೂಜಿ, ಸಂಡೂರಿನ ಹೆಸರು

1792ರಲ್ಲಿ, ಮತ್ತೆ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ದಂಡಿಗೆ ಅಕ್ಕಿ, ಬೇಳೆ ಮುಟ್ಟಿಸಿದವರಲ್ಲಿ ಲಂಬಾಣಿಗಳೇ ಮುಖ್ಯರು. ಅದಕ್ಕೂ ಹಿಂದೆ ಮೊಗಲರ ಪಾಳೆಯಕ್ಕೆ, ನಿಜಾಮರ ಪಾಳೆಯಕ್ಕೆ, ಮರಾಠರ ಪಾಳೆಯಕ್ಕೆ ಕಾಳು ಹೊತ್ತು ತಂದವರೂ ಅವರೇ. ದಂಡಿಲ್ಲದ ಕಾಲದಲ್ಲಿ ಕರಾವಳಿಯ ಉಪ್ಪು ಘಟ್ಟ ಹತ್ತಿ ಬಯಲುಸೀಮೆಗೆ ಬರುತ್ತಿದ್ದುದು, ಬಯಲುಸೀಮೆಯ ಧಾನ್ಯ ಘಟ್ಟ ಇಳಿಯುತ್ತಿದ್ದುದು ಅವರ ಹೇರೆತ್ತುಗಳ ಬೆನ್ನಿನ ಮೇಲೆ. ಗಂಡಸರಷ್ಟೇ ಹೋಗಿ ಬರುವ ವ್ಯಾಪಾರ ಅದಲ್ಲ. ಹೆಂಡತಿ, ಮಕ್ಕಳು, ಅತ್ತೆ, ನಾಯಿ, ಪಾತ್ರೆ ಸಮೇತ ಇಡೀ ತಾಂಡಾ ನಡೆಯುತ್ತಿತ್ತು. ಇಳಿದಲ್ಲೇ ಮನೆ, ಎದ್ದಲ್ಲೇ ಹೊರಡುವುದು. ಹೀಗೆ ತಲೆಮಾರುಗಟ್ಟಲೆ ಸರಕಿನ ಜೊತೆಯಲ್ಲೇ ಬದುಕಿದ ಹೆಣ್ಣುಮಕ್ಕಳಿಗೆ ಲಾಭ, ನಷ್ಟ, ತೂಕ, ಚೌಕಾಸಿ ಯಾವುದೂ ಹೊಸದಾಗಿರಲಿಲ್ಲ.

ಲಂಬಾಣಿ ಕಸೂತಿಗೆ ಹೆಸರಾದ ಸಂಡೂರು ಕುಶಲ ಕಲಾ ಕೇಂದ್ರದ ಚರಿತ್ರೆಯನ್ನು ಬರೆಯುವಾಗ ಇಷ್ಟು ಹಿಂದಕ್ಕೆ ಹೋಗಲು ಕಾರಣವಿದೆ. ಬುಡಕಟ್ಟು ಹೆಣ್ಣುಮಕ್ಕಳಿಗೆ ನಾವು ಉದ್ಯಮ ಕಲಿಸಿದೆವು ಎಂದು ಹೇಳುವ ವರದಿಗಳನ್ನು ಬಹಳ ಓದಿದ್ದೇನೆ. ಲಂಬಾಣಿಗಳ ವಿಷಯದಲ್ಲಿ ಆ ಮಾತು ಸಲ್ಲದು. ಅವರ ಕೈಯಲ್ಲಿದ್ದ ವ್ಯಾಪಾರವನ್ನು ಕಾಲ ಮತ್ತು ಕಾನೂನು ಸೇರಿ ಕಿತ್ತುಕೊಂಡವು. ಅದರಲ್ಲಿ ಒಂದು ಪಾಲನ್ನು ಹೆಣ್ಣುಮಕ್ಕಳು ಸೂಜಿ ಹಿಡಿದು ಮರಳಿ ಪಡೆದರು. ಹಾಗೆ ಪಡೆಯುವಾಗ ಅವರ ಜೊತೆಗೆ ನಿಂತದ್ದು ಕೇಂದ್ರದ ಹಿರಿಮೆ. ಆ ಹಿರಿಮೆ ಸಣ್ಣದಲ್ಲ.

ಕಿತ್ತುಕೊಂಡ ಬಗೆ ಹೀಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿಯ ಹಾದಿಗಳಾದವು, ಹಿಂದೆಯೇ ರೈಲು ಬಂತು. ನೂರು ಎತ್ತು ಹೊರುವುದನ್ನು ಒಂದು ಡಬ್ಬಿ ಹೊರತೊಡಗಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ವ್ಯಾಪಾರ ಕಳೆದುಕೊಂಡು ಅಲೆಯುತ್ತಿದ್ದವರ ಮೇಲೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳು ಬಿತ್ತು. ಹಲವು ಕಡೆ ಲಂಬಾಣಿ ಗುಂಪುಗಳು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಯಾದವು. ಆ ಪಟ್ಟಿ ಅಳಿದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಅಷ್ಟರೊಳಗೆ ತಾಂಡಾಗಳು ಊರಾಚೆಯ ಗುಡ್ಡದ ಬದಿಯಲ್ಲಿ, ಯಾರಿಗೂ ಬೇಡವಾದ ನೆಲದಲ್ಲಿ ತಂಗಿ, ಸೌದೆ ಮಾರಿ, ಕೂಲಿಗೆ ಹೋಗಿ, ಬರ ಬಿದ್ದಾಗ ಗುಳೆ ಎದ್ದು ಬದುಕುವುದನ್ನು ರೂಢಿ ಮಾಡಿಕೊಂಡಿದ್ದವು. ಗುಂಪಿಗೆ ಸರ್ಕಾರ ಕೊಟ್ಟ ಹೆಸರೂ ಗಡಿಯಿಂದ ಗಡಿಗೆ ಬದಲಾಯಿತು. ಒಂದೇ ಗೋರ್‌ಬೋಲಿ ಮಾತಾಡುವ ಅಕ್ಕತಂಗಿಯರಲ್ಲಿ ತೆಲಂಗಾಣಕ್ಕೆ ಮದುವೆಯಾಗಿ ಹೋದವಳ ಮನೆ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಉಳಿದವಳ ಮನೆ ಪರಿಶಿಷ್ಟ ಜಾತಿ, ಮಹಾರಾಷ್ಟ್ರಕ್ಕೆ ಹೋದವಳ ಮನೆ ವಿಮುಕ್ತ ಜಾತಿ. ಬುಡಕಟ್ಟಿನ ಬಾಳು ಮೂವರದೂ ಒಂದೇ.

ಇಷ್ಟೆಲ್ಲ ಹೋದರೂ ಉಡುಗೆ ಹೋಗಲಿಲ್ಲ. ಪೇಟಿಯಾ ಎನ್ನುವ ಅಗಲ ಲಂಗ, ಕಾಂಚಳಿ ಎನ್ನುವ ರವಿಕೆ, ತಲೆಯ ಮೇಲಿನ ಮುಸುಕು, ಅವುಗಳ ಮೇಲೆ ಕನ್ನಡಿ ಬಿಲ್ಲೆ, ಕವಡೆ, ನಾಣ್ಯ, ಗೆಜ್ಜೆ, ಉಣ್ಣೆಯ ಕುಚ್ಚು. ನೀರಿನ ಕೊಡ ಹೊರುವ ಸಿಂಬಿಗೂ ಬೆನ್ನ ಮೇಲೆ ಇಳಿಬೀಳುವ ಕಸೂತಿಯ ಪಟ್ಟಿ. ಎತ್ತಿನ ಹಣೆಗೂ ಕವಡೆ. ಮಗಳ ಮದುವೆಗೆಂದು ತಾಯಿ ವರ್ಷಗಟ್ಟಲೆ ಹೊಲಿದು ಕೂಡಿಡುವ ಚೀಲಗಳು. ಇದರಲ್ಲಿ ಯಾವುದನ್ನೂ ಮಾರಲೆಂದು ಹೊಲಿದದ್ದಲ್ಲ. ಹಳ್ಳಿಯ ಸಂತೆಯಲ್ಲಿ ಆ ಬಟ್ಟೆಯನ್ನು ಬೆರಗಿನಿಂದ ನೋಡಿದವರು ಎಷ್ಟೋ, ಹಂಗಿಸಿದವರು ಅದಕ್ಕಿಂತ ಹೆಚ್ಚು. ಶಾಲೆಗೆ ಹೋದ ಹುಡುಗಿಯರು ಮೊದಲು ಬಿಟ್ಟದ್ದು ಆ ಉಡುಗೆಯನ್ನೇ.

ಇಲ್ಲಿಗೆ ಸಂಡೂರಿನ ಮಾತು ಬರುತ್ತದೆ. ಬಳ್ಳಾರಿ ಜಿಲ್ಲೆಯ ಈ ಊರಿಗೆ ಸುತ್ತ ಬೆಟ್ಟವೇ ಕೋಟೆ. ಘೋರ್ಪಡೆ ಮನೆತನ ಆಳಿದ ಪುಟ್ಟ ಸಂಸ್ಥಾನ ಇದು. 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಗಿ, 1953ರಲ್ಲಿ ಬಳ್ಳಾರಿಯ ಜೊತೆಗೆ ಮೈಸೂರು ರಾಜ್ಯಕ್ಕೆ ಬಂತು. ಬೆಟ್ಟದ ಮೇಲಿನ ಕುಮಾರಸ್ವಾಮಿಯ ಗುಡಿಯ ಬಾಗಿಲನ್ನು ದಲಿತರಿಗೆ 1930ರ ದಶಕದ ಮೊದಲಲ್ಲೇ ತೆರೆದ ಸಂಸ್ಥಾನವೆಂದು ಇದಕ್ಕೆ ಹೆಸರಿದೆ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ಹೋದರು. ನೆಲದಡಿಯ ಕಬ್ಬಿಣ ಮತ್ತು ಮ್ಯಾಂಗನೀಸು ಊರಿನ ಇನ್ನೊಂದು ಗುರುತು. ಸಂಡೂರು ಮ್ಯಾಂಗನೀಸ್ ಕಂಪನಿ 1954ರಲ್ಲಿ ಶುರುವಾಯಿತು. ಅದನ್ನು ಬೆಳೆಸಿದ ಎಂ. ವೈ. ಘೋರ್ಪಡೆ ಮುಂದೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾದರು, ಆಮೇಲೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನೂ ನೋಡಿಕೊಂಡರು.

ಗಣಿಯ ಸುತ್ತಣ ತಾಂಡಾಗಳಿಗೆ ಗಣಿ ಕೂಲಿ ಕೊಟ್ಟಿತು. ಯಂತ್ರಗಳು ಬರುವ ಮೊದಲು ಅದಿರನ್ನು ಒಡೆಯುವುದು, ಜರಡಿ ಹಿಡಿಯುವುದು, ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವುದು ಬಹುಪಾಲು ಕೈಕೆಲಸ, ಅದರಲ್ಲೂ ಹೆಂಗಸರ ಕೆಲಸ. ಸಂಜೆಗೆ ಮೈ, ಸೀರೆ, ಅನ್ನದ ಡಬ್ಬಿ ಎಲ್ಲಕ್ಕೂ ಕೆಂಧೂಳು. ಆ ಕೂಲಿಯೂ ವರ್ಷವಿಡೀ ಖಚಿತವಲ್ಲ. ಉಳಿದ ದಾರಿ ಗುಳೆ. ಕಬ್ಬು ಕಡಿಯಲು, ಕಾಫಿ ಕೊಯ್ಯಲು, ಕಟ್ಟಡದ ಕೆಲಸಕ್ಕೆ ಗೋವೆಗೆ, ಮಂಗಳೂರಿಗೆ. ಗುಳೆ ಹೋದ ಮನೆಯ ಮಗು ಶಾಲೆ ಬಿಡುತ್ತದೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಡೂರು ಕುಶಲ ಕಲಾ ಕೇಂದ್ರ ನೋಂದಾಯಿತ ಸಂಘವಾಗಿ ಹುಟ್ಟಿದ್ದು 1984ರಲ್ಲಿ. ಈ ಸೀಮೆಯ ಸಾಂಪ್ರದಾಯಿಕ ಕುಶಲ ಕಲೆಗಳನ್ನು ಉಳಿಸುವುದು, ಕಲೆ ಬಲ್ಲವರ ಹೊಟ್ಟೆಪಾಡನ್ನು ಗಟ್ಟಿ ಮಾಡುವುದು ಅದರ ಉದ್ದೇಶ. ಕಾಲಕ್ರಮದಲ್ಲಿ ಅದರ ಹೆಸರಿಗೆ ಅಂಟಿಕೊಂಡು ನಿಂತದ್ದು ಲಂಬಾಣಿ ಕಸೂತಿ. ಆ ಹೊತ್ತಿಗೆ ನಾಡಿನಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಮಾತು ಇನ್ನೂ ಮೊಳಕೆಯಲ್ಲಿತ್ತು. ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಲು ಹೊರಟದ್ದು 1980ರ ದಶಕದ ನಡುವೆ; ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಹಮ್ಮಿಕೊಂಡದ್ದು 1992ರಲ್ಲಿ; ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ತಾಂಡಾದ ಹೆಂಗಸಿಗೆ ಬ್ಯಾಂಕಿನ ಬಾಗಿಲು ಕಾಣದಿದ್ದ ಕಾಲದಲ್ಲಿ ಅವಳಿಗೆ ಬಟ್ಟೆ, ದಾರ, ಕೆಲಸ ಕೊಟ್ಟು, ಅವಳ ಕೈಗೇ ಮಜೂರಿ ಹಾಕುವ ಒಂದು ಜಾಗ ಸಂಡೂರಿನಲ್ಲಿ ಆಗಿತ್ತು.

ಈಗ ಕಸೂತಿಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕನ್ನಡಿಗರಲ್ಲಿ ಅನೇಕರು ಕಸೂತಿ ಎಂದರೆ ಧಾರವಾಡದ್ದೊಂದೇ ಎಂದು ತಿಳಿದಿರುತ್ತಾರೆ. ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವಂಥದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯಲ್ಲಿ ಗೋಪುರ, ತೇರು, ಆನೆಅಂಬಾರಿ ಇಳಕಲ್ ಸೀರೆಯ ಮೇಲೆ ಏಳುತ್ತವೆ. ಅದರಲ್ಲಿ ಕನ್ನಡಿಯಿಲ್ಲ, ಕವಡೆಯಿಲ್ಲ. ಲಂಬಾಣಿ ಕಸೂತಿಯ ಮನೆಯೇ ಬೇರೆ. ಕೈಮಗ್ಗದ ಗಾಢ ನೀಲಿ ಅಥವಾ ಕೆಂಪು ಬಟ್ಟೆ. ಅದರ ಮೇಲೆ ಹಳದಿ, ಬಿಳಿ, ಹಸಿರು, ಕಿತ್ತಳೆ ದಾರ. ಚೌಕ, ತ್ರಿಕೋನ, ವಜ್ರ, ಅಂಚಿನುದ್ದಕ್ಕೂ ಹಲ್ಲುಹಲ್ಲಿನ ಸಾಲು. ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಇದರಲ್ಲಿ ಗುರುತಿಸುತ್ತಾರೆ. ಕೀಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೊ, ಗಾದ್ರಿ, ಪೋಟೆ ಹೀಗೆ ಅವುಗಳ ಹೆಸರು. ಪಟ್ಟಿಯಲ್ಲಿ ಕೌದಿಯೂ ಇದೆ. ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಕೌದಿ ಇಲ್ಲ? ಹರಿದ ಸೀರೆ, ಧೋತರದ ತುಂಡುಗಳನ್ನು ಸೇರಿಸಿ ಅಜ್ಜಿ ಹೊಲಿದ ಹೊದಿಕೆಯ ಅಡಿಯಲ್ಲೇ ನಾವೆಲ್ಲ ಮಲಗಿ ಬೆಳೆದದ್ದು. ತುಂಡು ಬಟ್ಟೆಗೆ ತುಂಡು ಬಟ್ಟೆ ಕೂಡಿಸಿ ಹೊಸದೊಂದು ಬಟ್ಟೆ ಮಾಡುವ ಈ ಜಾಣತನ ಲಂಬಾಣಿ ಕೆಲಸಕ್ಕೂ ತಳಹದಿ. ತುಂಡುಗಳ ಅಂಚು ಕಾಣದಂತೆ ಹೊಲಿಗೆ ಓಡುತ್ತದೆ, ಕನ್ನಡಿ ಬಿಲ್ಲೆಯ ಸುತ್ತ ದಾರದ ಕಟ್ಟು ಬೀಳುತ್ತದೆ, ಕವಡೆ ಕೂರುತ್ತದೆ. ಕಣ್ಣಳತೆಯೇ ಅಳತೆ. ತಾಯಿ ಹೊಲಿಯುವುದನ್ನು ನೋಡುತ್ತ ಮಗಳು ಕಲಿತದ್ದಷ್ಟೇ, ಪುಸ್ತಕದ ನಕ್ಷೆ ಇಲ್ಲ.

ಇಂಥ ಕೈಗೆ ಯಾರು ಏನು ಕಲಿಸಬೇಕಿತ್ತು? ಕಲಿಸಬೇಕಾಗಿದ್ದದ್ದು ಮಾರುಕಟ್ಟೆಯ ಅಳತೆ. ಐದಾರು ಸೇರು ತೂಗುವ ಲಂಗವನ್ನು ಬೆಂಗಳೂರಿನವಳು ಉಡುವುದಿಲ್ಲ. ಆದರೆ ಆ ಲಂಗದ ಒಂದು ಗೇಣು ಅಂಚು ಅವಳ ಕೈಚೀಲದ ಮೇಲೆ, ದಿಂಬಿನ ಚೀಲದ ಮೇಲೆ, ಕುರ್ತಾದ ಕೊರಳಿಗೆ, ಸೀರೆಯ ಸೆರಗಿಗೆ ಕೂರುತ್ತದೆ. ಕೇಂದ್ರ ಮಾಡಿದ ಮುಖ್ಯ ಕೆಲಸ ಈ ಜಾಗಪಲ್ಲಟ. ಹಳೆಯ ಹೊಲಿಗೆಯನ್ನು ಹಾಗೇ ಇಟ್ಟುಕೊಂಡು ಹೊಸ ವಸ್ತುವಿನ ಮೇಲೆ ತರುವುದು. ಹೇಳಿದಷ್ಟು ಸುಲಭವಲ್ಲ ಅದು. ಹಬ್ಬಕ್ಕೆ ಉಡುವ ಬಟ್ಟೆಯಲ್ಲಿ ಬಣ್ಣ ಒಂದಿಷ್ಟು ಬಿಟ್ಟರೆ ಯಾರೂ ಕೇಳುವುದಿಲ್ಲ. ಮಾರಿದ ದಿಂಬಿನ ಚೀಲ ಮೊದಲ ಒಗೆತದಲ್ಲೇ ಬಣ್ಣ ಬಿಟ್ಟರೆ ಕೊಂಡವಳು ಮತ್ತೆ ಬರುವುದಿಲ್ಲ. ಒಂದೇ ನಮೂನೆಯ ನೂರು ಚೀಲ ಬೇಕೆಂದಾಗ ನೂರೂ ಒಂದೇ ಅಳತೆಯಲ್ಲಿರಬೇಕು, ಹೇಳಿದ ದಿನಕ್ಕೆ ಮುಗಿಯಬೇಕು. ಕಣ್ಣಳತೆಯ ಕೈಗಳು ಟೇಪಿನ ಅಳತೆಗೆ ಒಗ್ಗಿಕೊಂಡವು, ಕಣ್ಣಳತೆಯನ್ನು ಬಿಡದೆಯೇ. ಈ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಇಂಥ ಕೆಲಸ ಸಾಗುವ ಬಗೆ ಹೀಗೆ: ಕತ್ತರಿಸಿದ ಬಟ್ಟೆ ಮತ್ತು ದಾರ ಹೆಂಗಸರ ಕೈ ಸೇರುತ್ತವೆ, ಹೊಲಿಗೆ ಬಹುಮಟ್ಟಿಗೆ ಮನೆಯಲ್ಲಿ ನಡೆಯುತ್ತದೆ, ಮುಗಿದ ತುಂಡನ್ನು ನೋಡಿ, ತಿದ್ದಿಸಿ, ತುಂಡಿಗೆ ಇಷ್ಟೆಂದು ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಮಾಡುವ ಕೆಲಸಕ್ಕೆ ಒಂದು ದೊಡ್ಡ ಅನುಕೂಲವಿದೆ. ಹಸುಗೂಸಿನ ತಾಯಿ, ಬೆನ್ನು ಬಾಗಿದ ಮುದುಕಿ, ಮದುವೆಗೆ ಮುಂಚಿನ ಹುಡುಗಿ, ಯಾರೂ ಹೊರಗೆ ಉಳಿಯಬೇಕಾಗಿಲ್ಲ. ಅದಿರಿನ ಬುಟ್ಟಿ ಹೊರಲಾಗದ ವಯಸ್ಸಿನಲ್ಲೂ ಸೂಜಿ ಹಿಡಿಯಬಹುದು. ಅದಕ್ಕೆ ಇನ್ನೊಂದು ಮುಖವೂ ಉಂಟು. ಮನೆಯೊಳಗಿನ ದುಡಿಮೆ ಲೆಕ್ಕದಿಂದ ಜಾರುತ್ತದೆ. ಅಡಿಗೆ, ನೀರು, ಮಕ್ಕಳು ಎಲ್ಲ ಮುಗಿದ ಮೇಲೆ ದೀಪದ ಬೆಳಕಿನಲ್ಲಿ ಹಾಕಿದ ಹೊಲಿಗೆಯ ಗಂಟೆಗಳನ್ನು ಯಾರೂ ಬರೆದಿಡುವುದಿಲ್ಲ. ಕನ್ನಡಿ ಕೂರಿಸುವ ಸೂಕ್ಷ್ಮ ಕೆಲಸ ಕಣ್ಣನ್ನು ದಣಿಸುತ್ತದೆ. ಕರಕುಶಲ ಸಂಸ್ಥೆಗಳು ಕಣ್ಣಿನ ತಪಾಸಣೆ ಮತ್ತು ಕನ್ನಡಕವನ್ನು ಉದಾರ ಕೊಡುಗೆ ಎಂದು ಬಗೆಯಬಾರದು. ಮಗ್ಗಕ್ಕೆ ಲಾಳಿ ಹೇಗೋ ಈ ಕೆಲಸಕ್ಕೆ ಅದು ಹಾಗೆ.

ಸೂಜಿಯ ಈ ಗಳಿಕೆಯನ್ನು ಗಣಿಯ ಕೂಲಿಯ ಪಕ್ಕದಲ್ಲಿಟ್ಟು ನೋಡಬೇಕು. 2003ರ ನಂತರ ಬಳ್ಳಾರಿ ಸೀಮೆಯಲ್ಲಿ ಅದಿರಿನ ಬೆಲೆ ಏರಿ, ರಾತ್ರಿ ಹಗಲೆನ್ನದೆ ಲಾರಿಗಳು ಓಡಿದವು. ಆ ಕಥೆ ನಾಡಿಗೆಲ್ಲ ಗೊತ್ತು. 2011ರ ಜುಲೈನಲ್ಲಿ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಯ ಕೂಲಿ ಗಣಿಯ ಜೊತೆಗೇ ಹೋಗುವಂಥದು. ಅದಿರಿನ ಬೆಲೆ ಎಲ್ಲೋ ಚೀನಾದಲ್ಲಿ ಏರಿದರೆ ಇಲ್ಲಿ ಕೆಲಸ, ಇಳಿದರೆ ಇಲ್ಲ. ಸೂಜಿಯ ಗಳಿಕೆ ಅದಕ್ಕಿಂತ ಚಿಕ್ಕದಿರಬಹುದು, ಆದರೆ ಅದರ ಬೇರು ತಾಂಡಾದಲ್ಲೇ ಇದೆ.

ಮನ್ನಣೆಗಳು ಒಂದೊಂದಾಗಿ ಬಂದವು. ದಕ್ಷಿಣ ಏಷ್ಯಾದ ಕರಕುಶಲ ವಸ್ತುಗಳಿಗೆ ಯುನೆಸ್ಕೊ ನೀಡುತ್ತಿದ್ದ ಶ್ರೇಷ್ಠತೆಯ ಮುದ್ರೆ ಕೇಂದ್ರಕ್ಕೆ 2004ರಲ್ಲಿ ಸಿಕ್ಕಿತು, 2012ರಲ್ಲಿ ಮತ್ತೊಮ್ಮೆ. ಎರಡರ ನಡುವೆ, 2010-11ರ ಸಾಲಿನಲ್ಲಿ, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ನೋಂದಣಿಯಾಯಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಬಿದರಿ, ಧಾರವಾಡದ ಕಸೂತಿ ಇವುಗಳ ಸಾಲಿಗೆ ತಾಂಡಾದ ಹೊಲಿಗೆ ಬಂದು ನಿಂತಿತು. ಹಂಗಿಸಿಕೊಂಡ ಉಡುಗೆಯೇ ಒಂದು ಊರಿನ ಸೊತ್ತೆಂದು ಭಾರತ ಸರ್ಕಾರದ ದಫ್ತರದಲ್ಲಿ ದಾಖಲಾದ ದಿನ ಅದು. ಲಂಬಾಣಿ ಹೆಣ್ಣುಮಕ್ಕಳ ಚರಿತ್ರೆಯಲ್ಲಿ ಆ ದಾಖಲೆಯನ್ನು 1871ರ ಪಟ್ಟಿಯ ಎದುರಿಗಿಟ್ಟು ಓದಬೇಕು.

ಸಂಡೂರಿನಂಥ ಆಸರೆ ಸಿಗದ ಕಡೆ ಏನಾಯಿತು ಎಂಬುದಕ್ಕೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆ ಒಳ್ಳೆಯ ಉದಾಹರಣೆ. ಅಲ್ಲಿನ ಲಂಬಾಡಿ ತಾಂಡಾಗಳಲ್ಲಿ ಕಸೂತಿ ತಲೆಮಾರಿನ ಹಿಂದೆಯೇ ನಿಂತುಹೋಗಿತ್ತು. 1993ರಲ್ಲಿ ಆ ಕಣಿವೆಗೆ ಬಂದು ಬುಡಕಟ್ಟು ಆರೋಗ್ಯ ಸಂಸ್ಥೆ ಕಟ್ಟಿದ ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ ರೆಜಿ. ಕಸೂತಿಯನ್ನು ಎಬ್ಬಿಸುವ ಯತ್ನಕ್ಕೆ ಲಲಿತಾ ಬೆನ್ನೆಲುಬಾದರು. ಹೊಲಿಗೆ ನೆನಪಿದ್ದವರು ತಾಂಡಾದಲ್ಲಿ ಬೆರಳೆಣಿಕೆಯ ಹಿರಿಯ ಹೆಂಗಸರು ಮಾತ್ರ. ಅವರು ಕಿರಿಯರಿಗೆ ಕಲಿಸಿದರು, ಪೋರ್ಗೈ ಎಂಬ ಕುಶಲಕರ್ಮಿಗಳ ಸಂಘ ಹುಟ್ಟಿತು, ಹೆಂಗಸರೇ ಅದನ್ನು ನಡೆಸುತ್ತಿದ್ದಾರೆ. ವಿಜಯಪುರದಲ್ಲಿಯೂ 2017ರಿಂದ ಬಂಜಾರ ಕಸೂತಿ ಎಂಬ ಸಂಸ್ಥೆ ಅಲ್ಲಿನ ತಾಂಡಾಗಳ ಹೆಂಗಸರ ಜೊತೆ ಕೆಲಸ ಮಾಡುತ್ತಿದೆ. ಇವೆಲ್ಲ ಸಂಡೂರಿಗೆ ಪೈಪೋಟಿ ಎಂದು ನಾನು ತಿಳಿಯುವುದಿಲ್ಲ. ಒಂದೇ ಹೊಲಿಗೆಯ ಬೇರೆ ಬೇರೆ ಮನೆಗಳು ಬದುಕಿರುವಷ್ಟು ದಿನ ಯಾವುದೂ ಒಂದು ಮನೆಯ ಅದೃಷ್ಟಕ್ಕೆ ಕಟ್ಟುಬಿದ್ದಿರುವುದಿಲ್ಲ.

2023ರ ಜುಲೈನಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಮೂರನೆಯ ಸಭೆ ಹಂಪಿಯಲ್ಲಿ ಸೇರಿದಾಗ, ಕೇಂದ್ರದ ಜೊತೆಗಿನ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟರು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಗಿನ್ನೆಸ್ ದಾಖಲೆಯಾಯಿತು. ವಿದೇಶದ ಪ್ರತಿನಿಧಿಗಳು ನೋಡಿ ಮೆಚ್ಚಿದರು, ಪತ್ರಿಕೆಗಳು ಬರೆದವು. ನನಗೆ 1755ಕ್ಕಿಂತ 450 ಮುಖ್ಯವೆನಿಸುತ್ತದೆ. ಒಂದು ಸಣ್ಣ ತಾಲೂಕು ಕೇಂದ್ರದ ಸಂಸ್ಥೆ ನಾಲ್ಕು ದಶಕ ಬಾಳಿ, ಅಷ್ಟು ಕೈಗಳನ್ನು ಒಂದೇ ಕೆಲಸಕ್ಕೆ ಕೂಡಿಸಬಲ್ಲದು ಎಂಬುದು ಯಾವ ದಾಖಲೆಗೂ ಕಡಿಮೆಯಲ್ಲ.

ಇನ್ನು ಕಠಿಣವಾದ ಪ್ರಶ್ನೆ. ತುಂಡಿಗೆ ಇಷ್ಟೆಂದು ಮಜೂರಿ ಪಡೆಯುವವಳನ್ನು ಉದ್ಯಮಿ ಎನ್ನಬಹುದೆ? ಬಟ್ಟೆಯ ಬಣ್ಣ ಯಾವುದು, ಚೀಲದ ಬೆಲೆ ಎಷ್ಟು, ಯಾವ ಊರಿನ ಮೇಳಕ್ಕೆ ಹೋಗಬೇಕು, ಲಾಭದಲ್ಲಿ ಎಷ್ಟನ್ನು ಹೊಸ ದಾರಕ್ಕೆ ತೆಗೆದಿಡಬೇಕು, ಈ ನಾಲ್ಕರಲ್ಲಿ ಒಂದನ್ನಾದರೂ ಅವಳು ತೀರ್ಮಾನಿಸುವಂತಾದ ದಿನ ಆ ಮಾತು ಸಲ್ಲುತ್ತದೆ ಎಂಬುದು ನನ್ನ ನಿಲುವು. ಮೇಳದ ಮಳಿಗೆಯಲ್ಲಿ ತಾನೇ ನಿಂತು ಗಿರಾಕಿಯ ಜೊತೆ ಬೆಲೆ ಮಾತಾಡುವ ಹೆಂಗಸು ತಾಂಡಾಕ್ಕೆ ವಾಪಸಾಗುವಾಗ ಗಿರಾಕಿಗೆ ಏನು ಬೇಕೆಂಬ ತಿಳಿವಳಿಕೆಯನ್ನೂ ಹೊತ್ತು ತರುತ್ತಾಳೆ. ಅದನ್ನು ಯಾವ ವಿನ್ಯಾಸಕಾರನೂ ಅವಳಿಗೆ ಹೇಳಿಕೊಡಲಾರ. ಹಾಗೆಯೇ ಮನೆಯ ನೆಲದ ಪ್ರಶ್ನೆ. ಕಂದಾಯ ಗ್ರಾಮವಲ್ಲದ ತಾಂಡಾದಲ್ಲಿ ಮನೆಗೆ ಕಾಗದವಿಲ್ಲ, ಕಾಗದವಿಲ್ಲದ ಮನೆಯ ಮೇಲೆ ಸಾಲವಿಲ್ಲ. ಕರ್ನಾಟಕದಲ್ಲಿ ತಾಂಡಾ ಅಭಿವೃದ್ಧಿ ನಿಗಮ 2009ರಲ್ಲಿ ಬಂತು. ತಾಂಡಾಗಳನ್ನು ಕಂದಾಯ ಗ್ರಾಮಗಳಾಗಿ ಮಾಡುವ ಕೆಲಸ ಮುಂದೆ ವೇಗ ಪಡೆದು, 2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಬಳ್ಳಾರಿ ಆ ಐದರಲ್ಲಿ ಇರಲಿಲ್ಲ. ಸೂಜಿ ಹಿಡಿದವಳ ಹೆಸರಿನಲ್ಲೇ ಮನೆಯ ಪತ್ರ ಇದ್ದರೆ ಹೊಲಿಗೆ ಯಂತ್ರಕ್ಕೆ, ದಾರದ ದಾಸ್ತಾನಿಗೆ ಅವಳು ಯಾರ ಮುಂದೆಯೂ ಕೈಚಾಚಬೇಕಿಲ್ಲ.

ಯಂತ್ರದ ಕಸೂತಿಯ ಕಾಟವೂ ಇದೆ. ಕನ್ನಡಿಯ ಬದಲು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ, ಲಂಬಾಣಿ ಚೀಲವೆಂದು ಹೇಳಿ ಕಾಲು ಬೆಲೆಗೆ ಮಾರುವವರು ಪ್ರವಾಸಿ ಊರುಗಳಲ್ಲೆಲ್ಲ ಸಿಗುತ್ತಾರೆ. ದಿನಗಟ್ಟಲೆ ಕೂತು ಹೊಲಿದದ್ದರ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ಕೇಳಿದರೆ ಗಿರಾಕಿ ಹಿಂಜರಿಯುತ್ತಾನೆ. ಭೌಗೋಳಿಕ ಸೂಚಕ ಇದಕ್ಕೆಂದೇ ಇರುವ ಅಸ್ತ್ರ. ಆದರೆ ಅದನ್ನು ಹಿಡಿಯುವ ಕೈ ಬೇಕು. ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಇನ್ನೂ ಮುಖ್ಯವಾದದ್ದು, ಸಂಡೂರಿನ ಹೆಸರು ನೋಂದಣಿಯಾದ ಮಾತ್ರಕ್ಕೆ ಹೊಲಿಯುವವರೆಲ್ಲ ತಾವಾಗಿ ಅದರ ಹಕ್ಕುದಾರರಾಗುವುದಿಲ್ಲ. ಪ್ರತಿಯೊಬ್ಬಳೂ ಅಧಿಕೃತ ಬಳಕೆದಾರಳೆಂದು ಚೆನ್ನೈನಲ್ಲಿರುವ ನೋಂದಣಿ ಕಚೇರಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಹಾಕಿದವಳು ತನ್ನ ಹೆಸರಿನಲ್ಲೇ ಆ ಗುರುತನ್ನು ಬಳಸಿ ಮಾರಬಹುದು, ನಕಲು ಮಾಡಿದವನ ಮೇಲೆ ದಾವೆಯನ್ನೂ ಹೂಡಬಹುದು. ಅರ್ಜಿಯ ಶುಲ್ಕ ಮೊದಲು 500 ರೂಪಾಯಿ ಇತ್ತು. 2020ರಲ್ಲಿ ಅದನ್ನು 10 ರೂಪಾಯಿಗೆ ಇಳಿಸಿದ್ದಾರೆ. ಕೇಂದ್ರದ ಮುಂದಿನ ವರ್ಷಗಳ ಕೆಲಸದಲ್ಲಿ ಇದನ್ನೇ ಮೊದಲಿಗಿಡಿ ಎಂದು ಕೇಳಿಕೊಳ್ಳುತ್ತೇನೆ: ತಾಂಡಾ ತಾಂಡಾಗಳಿಗೆ ಹೋಗಿ, ಓದು ಬಾರದವರ ಪಕ್ಕದಲ್ಲಿ ಕೂತು, ಸೂಜಿ ಹಿಡಿದ ಪ್ರತಿ ಹೆಣ್ಣುಮಗಳ ಹೆಸರಿನಲ್ಲಿ ಆ ಅರ್ಜಿಯನ್ನು ತುಂಬಿಸಿ ಕಳಿಸಬೇಕು.